ಮಳೆ ಬಿಟ್ಟ ಮೇಲಿನ ಮೊದಲ ಗಾಳ: ಕೊಡಗಿನ ಹೊಳೆಗೆ ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಕೊಡಗಿನಲ್ಲಿ ಸಿಹಿನೀರಿನ ಗಾಳದ ಕಾಲವನ್ನು ತೆರೆಯುವುದು ಮಳೆಯೇ. ಜೂನ್‌ನಲ್ಲಿ ಹಿಡಿದ ಮುಂಗಾರು ಸೆಪ್ಟೆಂಬರಿನಲ್ಲಿ ಸಡಿಲಗೊಂಡು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತ ಕಳೆದು, ಕಾವೇರಿಯ ಕೆಂಪು ನೀರು ತಿಳಿಯಾಗುತ್ತ ಬಂದು, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಹೊತ್ತಿಗೆ ಹೊಳೆಕರೆಯ ಕಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡಾಗ ಅಟ್ಟದ ಮೇಲಿದ್ದ ರಾಡುಗಳು ಕೆಳಗಿಳಿಯುತ್ತವೆ. ಅಲ್ಲಿಯವರೆಗೆ ಕೈ ಕಟ್ಟಿ ಕುಳಿತಿರುವುದಕ್ಕೆ ಬಲವಾದ ಕಾರಣವಿದೆ. ಗೆಂಡೆ ಜಾತಿಯ ಮೀನುಗಳು ಮತ್ತು ಬಿಳಿ ಮೀನು, ಅಂದರೆ ಮಹಶೀರ್, ಹೊಸ ನೀರಿಗೆ ಎದುರಾಗಿ ಏರಿ ಮೊಟ್ಟೆ ಇಡುವುದು ಮಳೆಗಾಲದ ಈ ತಿಂಗಳುಗಳಲ್ಲೇ. ಆಗ ಹಿಡಿದ ಒಂದು ಹೆಣ್ಣು ಮೀನಿನ ಜೊತೆಗೆ ಅದರ ಹೊಟ್ಟೆಯಲ್ಲಿರುವ ಸಾವಿರಾರು ಮೊಟ್ಟೆಗಳೂ ಬಾಣಲೆಗೆ ಬೀಳುತ್ತವೆ. ತೋಡಿನಲ್ಲಿ ಹತ್ತುವ ಮೀನಿಗೆ ಕೂಣಿ (ಬಿದಿರಿನ ಬೋನು) ಇಡುವ ಹಳೆಯ ರೂಢಿಯನ್ನು ಸಮರ್ಥಿಸುವವರು ಈಗಲೂ ಇದ್ದಾರೆ. ಆದರೆ ಹೊಳೆಯಲ್ಲಿ ಮೀನು ಸಮೃದ್ಧವಾಗಿದ್ದ ಕಾಲದ ರೂಢಿಯನ್ನು ಇಂದಿನ ಹೊಳೆ ತಾಳಿಕೊಳ್ಳಲಾರದು.

ಮೊದಲ ವಾರಾಂತ್ಯದಲ್ಲಿ ಬರಿಗೈಯಲ್ಲಿ ಹಿಂತಿರುಗುವವರಲ್ಲಿ ಹೆಚ್ಚಿನವರು ಮೇ ತಿಂಗಳಲ್ಲಿ ಬಿಟ್ಟುಬಂದ ಹೊಳೆಯೇ ಅಕ್ಟೋಬರಿನಲ್ಲೂ ಇದೆಯೆಂದು ನಂಬಿ ಹೋದವರಾಗಿರುತ್ತಾರೆ. ನಾಲ್ಕು ತಿಂಗಳ ಪ್ರವಾಹ ಮಡುಗಳನ್ನು ಹೂಳಿನಿಂದ ತುಂಬಿಸಿರುತ್ತದೆ, ಮರಗಳನ್ನು ಉರುಳಿಸಿ ಹೊಸ ಜಾಗದಲ್ಲಿ ಸಿಕ್ಕಿಸಿರುತ್ತದೆ, ದಡವನ್ನು ಕೊರೆದು ಕಳೆದ ವರ್ಷ ನಿಂತಿದ್ದ ನೆಲವನ್ನೇ ಒಯ್ದಿರುತ್ತದೆ. 2018 ಮತ್ತು 2019ರ ಮಹಾಮಳೆಯ ನಂತರ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಹೊಳೆಕರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಈ ಲೇಖನದಲ್ಲಿ ಹೊಸ ರೀಲನ್ನು ಕೊಳ್ಳುವ ಮಾತಿಗಿಂತ ಹೊಳೆಯನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳುವ ಮಾತೇ ಹೆಚ್ಚಾಗಿ ಬರುತ್ತದೆ.

ಮೂರು ವಾರ ಮೊದಲು: ಎಲ್ಲಿ, ಯಾರ ಅನುಮತಿಯಿಂದ

ಮೊದಲು ಜಾಗವನ್ನು ನಿಶ್ಚಯಿಸಿಕೊಳ್ಳಿ, ಏಕೆಂದರೆ ಅನುಮತಿ, ಸಲಕರಣೆ, ಎರೆ ಎಲ್ಲವೂ ಜಾಗವನ್ನು ಅನುಸರಿಸಿಯೇ ನಿರ್ಧಾರವಾಗುತ್ತವೆ. ಕೊಡಗಿನಲ್ಲಿ ಗಾಳ ಹಾಕುವವರ ಮುಂದೆ ಸ್ಥೂಲವಾಗಿ ಮೂರು ಬಗೆಯ ನೀರಿದೆ: ಕಾವೇರಿ, ಲಕ್ಷ್ಮಣತೀರ್ಥದಂತಹ ಹರಿಯುವ ಹೊಳೆಗಳು, ಹಾರಂಗಿ ಮತ್ತು ಚಿಕ್ಲಿಹೊಳೆಯ ಹಿನ್ನೀರು, ಮತ್ತು ಕಾಫಿ ತೋಟಗಳ ಕೆರೆಗಳು.

ಹೊಳೆ ಸರ್ಕಾರದ್ದಾದರೂ ಅದರ ದಡಕ್ಕೆ ಹೋಗುವ ದಾರಿ ಬಹುಪಾಲು ಖಾಸಗಿ ತೋಟಗಳ ಮೂಲಕವೇ ಹಾದುಹೋಗುತ್ತದೆ. ತೋಟದ ಮಾಲೀಕರಿಗೆ ಮುಂಚಿತವಾಗಿ ಹೇಳುವುದಲ್ಲದೆ, ಅಂದು ಬೆಳಿಗ್ಗೆ ತೋಟದ ಕೆಲಸದ ಉಸ್ತುವಾರಿ ನೋಡುವ ರೈಟರ್‌ಗೂ ತಿಳಿಸಿ ಹೋಗುವುದು ಒಳ್ಳೆಯದು. ಮಾಲೀಕರು ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲಿ ಕೊಟ್ಟ ಒಪ್ಪಿಗೆ ಕಾರ್ಮಿಕರ ಲೈನ್ ಮನೆಯ ನಾಯಿಗಳಿಗೆ ತಿಳಿದಿರುವುದಿಲ್ಲ. ತೋಟದ ಕೆರೆಯಾದರೆ ಮಾಲೀಕರ ಮಾತೇ ಅಂತಿಮ. ಊರ ಕೆರೆಯಾದರೆ ಅದನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘವೋ ಟೆಂಡರಿನಲ್ಲಿ ಪಡೆದ ವ್ಯಕ್ತಿಯೋ ಗುತ್ತಿಗೆಗೆ ಹಿಡಿದಿರುತ್ತಾರೆ. ಮರಿ ಬಿಟ್ಟು ಸಾಕಿದ ಮೀನನ್ನು ಅವರನ್ನು ಕೇಳದೆ ಹಿಡಿಯುವುದು ಕಳ್ಳತನವೇ ಸರಿ.

ಜಲಾಶಯ ಮತ್ತು ಹೊಳೆಯ ವಿಷಯದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ, 1996ರ ಅಡಿಯಲ್ಲಿ ಪರವಾನಗಿ, ನಿಷೇಧದ ಅವಧಿ ಮತ್ತು ಬಲೆಯ ಕಣ್ಣಿನ ಅಳತೆಯನ್ನು ನಿಯಂತ್ರಿಸಲಾಗುತ್ತದೆ. ಶುಲ್ಕ ಮತ್ತು ದಿನಾಂಕಗಳು ಬದಲಾಗುತ್ತಿರುವುದರಿಂದ ಕಳೆದ ವರ್ಷದ ಮಾಹಿತಿಯನ್ನು ನೆಚ್ಚಿಕೊಂಡು ಹೊರಡಬಾರದು. ಸಿಡಿಮದ್ದು ಹಾಕಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅಂಥದ್ದು ಕಣ್ಣಿಗೆ ಬಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲದೆ, ಜಾಗ ಮತ್ತು ಸಮಯವನ್ನು ಗುರುತು ಹಾಕಿಕೊಂಡು ಇಲಾಖೆಗೆ ಅಥವಾ ಪೊಲೀಸರಿಗೆ ತಿಳಿಸಿ.

ಬಿಳಿ ಮೀನಿಗಾಗಿಯೇ ಹೋಗುವವರ ಮನಸ್ಸು ಸಿದ್ದಾಪುರ ಮತ್ತು ಕುಶಾಲನಗರದ ನಡುವಿನ ವಾಲ್ನೂರಿನ ಕಡೆಗೆ ಹರಿಯುತ್ತದೆ. ಅಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯು ದೀರ್ಘಕಾಲದಿಂದ ಕಾವೇರಿಯ ಒಂದು ಭಾಗದಲ್ಲಿ ಈ ಮೀನಿನ ರಕ್ಷಣೆಗೆ ದುಡಿದಿದೆ. ಅಲ್ಲಿನ ಗಾಳ ಹಿಡಿದು ಬಿಡುವ ಗಾಳವೇ ಹೊರತು ಸಾರಿನ ಗಾಳವಲ್ಲ. ಸಂಸ್ಥೆಯವರನ್ನು ಮೊದಲೇ ಸಂಪರ್ಕಿಸಿ, ಆ ವರ್ಷದ ವ್ಯವಸ್ಥೆಯನ್ನು ಕೇಳಿ ತಿಳಿದುಕೊಂಡು ಹೊರಡಿ. ಮೀಸಲು ಅರಣ್ಯ, ನಾಗರಹೊಳೆ ಮತ್ತು ಇತರ ಅಭಯಾರಣ್ಯಗಳ ಒಳಗಿನ ನೀರಿನ ಆಸೆಯನ್ನು ಬಿಟ್ಟುಬಿಡಿ. ದುಬಾರೆ ಹಾಗೂ ಕಾವೇರಿ ನಿಸರ್ಗಧಾಮದ ಸುತ್ತಲಿನ ನೀರು ಪ್ರವಾಸಿಗರದ್ದು. ದೇವಸ್ಥಾನದ ಮುಂದಿನ ಕಡವಿನಲ್ಲಿ ದೇವರ ಮೀನೆಂದು ಜನ ಅಕ್ಕಿ ಹಾಕುವ ಕಡೆ ಗಾಳ ಬಿಚ್ಚಬಾರದೆಂದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ, ಹೊರಗಿನಿಂದ ಬರುವ ನೆಂಟರಿಗೆ ಹೇಳಬೇಕಾಗಬಹುದು.

ಇನ್ನೊಂದು ಮಾತು. ಈ ಋತುವಿನ ಮೊದಲ ವಾರಾಂತ್ಯ ಮಡಿಕೇರಿ ದಸರಾ ಅಥವಾ ತಲಕಾವೇರಿ ಜಾತ್ರೆಯ ಆಸುಪಾಸಿನಲ್ಲೇ ಬೀಳುವುದರಿಂದ ಭಾಗಮಂಡಲದ ರಸ್ತೆ ವಾಹನಗಳಿಂದ ತುಂಬಿರುತ್ತದೆ, ಹೋಂಸ್ಟೇಗಳಲ್ಲಿ ಜಾಗವಿರುವುದಿಲ್ಲ. ಹೊರಗಿನವರು ಕೋಣೆಯನ್ನು ಈಗಲೇ ಹೇಳಿಡಬೇಕು. ಊರವರು ಆ ದಿನ ನಾಪೋಕ್ಲಿನಿಂದ ಮೇಲಕ್ಕೆ ಹೋಗುವ ಯೋಜನೆ ಹಾಕದಿದ್ದರೆ ನೆಮ್ಮದಿ.

ಎರಡು ವಾರ ಮೊದಲು: ಸಲಕರಣೆಯನ್ನು ಬಿಚ್ಚಿ ನೋಡುವುದು

ಕೊಡಗಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಗಾಳದ ಸಲಕರಣೆ ಅದಕ್ಕೆ ಹೊರತಲ್ಲ. ರಾಡಿನ ಬೆಂಡಿನ ಹಿಡಿಯ ಮೇಲೆ ಬೂಷ್ಟು ಕಂಡರೆ ಸಾಬೂನಿನ ಬೆಚ್ಚನೆಯ ನೀರಿನಲ್ಲಿ ಉಜ್ಜಿ ನೆರಳಿನಲ್ಲಿ ಒಣಗಿಸಿ. ನಂತರ ದಾರ ಹಾಯುವ ರಾಡಿನ ಬಳೆಗಳನ್ನು ಪರೀಕ್ಷಿಸಬೇಕು. ಒಂದು ಚಿಟಿಕೆ ಹತ್ತಿಯನ್ನು ಹೊಸೆದು ಪ್ರತಿ ಬಳೆಯ ಒಳಗೆ ತೂರಿಸಿ ಮೆಲ್ಲಗೆ ತಿರುಗಿಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೆಂದು ತಿಳಿಯಬೇಕು. ಆ ಬಿರುಕು ಹತ್ತಿಯನ್ನು ಹಿಡಿದಂತೆಯೇ ದೊಡ್ಡ ಮೀನು ಓಡುವಾಗ ದಾರವನ್ನು ಕೊಯ್ಯುತ್ತದೆ. ಬಳೆಯನ್ನು ಬದಲಾಯಿಸಲು ಎರಡು ವಾರ ಸಾಕು, ಎರಡು ದಿನ ಸಾಲದು.

ರೀಲಿನ ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಚ್ಚಿಕೊಳ್ಳಬೇಕೆಂದು ನಿಯಂತ್ರಿಸುವ ಭಾಗವನ್ನು, ಬಿಗಿಯಾಗಿಯೇ ಬಿಟ್ಟು ಮಳೆಗಾಲ ಕಳೆದಿದ್ದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುವ ಸಾಧ್ಯತೆಯಿದೆ. ದಾರವನ್ನು ಕೈಯಿಂದ ಎಳೆದಾಗ ಅದು ತಡೆದು ತಡೆದು ಬಂದರೆ ಬಿಚ್ಚಿ, ಒರೆಸಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಅಡುಗೆಮನೆಯ ತೆಂಗಿನೆಣ್ಣೆ ಇದಕ್ಕೆ ಆಗದು. ಚಳಿಗಾಲದಲ್ಲಿ ಅದು ಗಟ್ಟಿಯಾಗುತ್ತದೆ. ಡ್ರ್ಯಾಗಿನ ಬಿಗಿಯನ್ನು ಅಂದಾಜಿನಲ್ಲಿ ಇಡುವವರೇ ಹೆಚ್ಚು, ಆದರೆ ಮನೆಯಲ್ಲಿ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯಿದ್ದರೆ ಕೆಲಸ ಸುಲಭ: ದಾರದ ತುದಿಯನ್ನು ಕೊಂಡಿಗೆ ಕಟ್ಟಿ ಎಳೆದು, ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲು ದಾರ ಬಿಡುವಂತೆ ಹೊಂದಿಸಿ. 20 ಪೌಂಡಿನ ದಾರವೆಂದರೆ ಸುಮಾರು 9 ಕೆ.ಜಿ.; ಅದಕ್ಕೆ ಎರಡೂಕಾಲರಿಂದ ಮೂರು ಕೆ.ಜಿ. ಎಳೆತ ಸರಿಯಾದ ಅಳತೆ.

ತಂಗೂಸಿಯ, ಅಂದರೆ ನೈಲಾನ್ ದಾರದ, ವಿಷಯದಲ್ಲಿ ಜಿಪುಣತನ ಬೇಡ. ಬಿಸಿಲು ಮತ್ತು ಬಳಕೆಯಿಂದ ಅದು ಸವೆದಿರುತ್ತದೆ. ಉಗುರಿನ ಮೇಲೆ ಎಳೆದಾಗ ಒರಟು ಹತ್ತಿದರೆ, ಇಲ್ಲವೇ ರೀಲಿನಿಂದ ಬಿಚ್ಚಿದಾಗ ಸುರುಳಿ ಸುರುಳಿಯಾಗಿಯೇ ಉಳಿದರೆ ಇಡೀ ದಾರವನ್ನು ಬದಲಾಯಿಸಿ. ಚೆನ್ನಾಗಿದೆಯೆಂದು ಕಂಡರೂ ತುದಿಯ ಹತ್ತಿಪ್ಪತ್ತು ಅಡಿಯನ್ನು ಕತ್ತರಿಸಿ ಎಸೆಯಿರಿ. ಹೆಣೆದ ಬ್ರೇಡ್ ದಾರ ತೆಳ್ಳಗಿದ್ದೂ ಬಲವಾಗಿರುತ್ತದೆ ನಿಜ, ಆದರೆ ಕಾವೇರಿಯ ಕಲ್ಲಿಗೆ ಉಜ್ಜಿದರೆ ಥಟ್ಟನೆ ಹರಿಯುತ್ತದೆ. ಅದನ್ನೇ ಬಳಸುವವರು ತುದಿಗೆ ನಾಲ್ಕಾರು ಅಡಿ ದಪ್ಪನೆಯ ತಂಗೂಸಿಯನ್ನು ಸೇರಿಸಿಕೊಳ್ಳಬೇಕು.

ಹೊಳೆಯಲ್ಲಿ ಬಿಳಿ ಮೀನಿಗೆ ಎಂಟರಿಂದ ಹತ್ತು ಅಡಿಯ ಗಟ್ಟಿ ರಾಡ್ ಮತ್ತು 20ರಿಂದ 30 ಪೌಂಡಿನ ದಾರ ಬೇಕು. ತೋಟದ ಕೆರೆಯ ರೋಹು, ಕಾಟ್ಲಾ, ಸಾಮಾನ್ಯ ಗೆಂಡೆಗೆ ಆರೇಳು ಅಡಿಯ ರಾಡ್, 8ರಿಂದ 12 ಪೌಂಡಿನ ದಾರ ಸಾಕು. ಮಕ್ಕಳಿಗೆ ಪಕ್ಕೆ, ಗಿರ್ಲುಗಳಂಥ ಸಣ್ಣ ಮೀನು ಹಿಡಿಯಲು ವಾಟೆ ಬಿದಿರಿನ ಕಡ್ಡಿ, ಒಂದು ಬೆಂಡು, ಒಂದು ಸಣ್ಣ ಕೊಕ್ಕೆ ಇದ್ದರಾಯಿತು. ಅವರಿಗೆ ಮೊದಲ ದಿನವೇ ರೀಲು ಕೊಟ್ಟರೆ ಗಂಟು ಬಿಡಿಸುವುದರಲ್ಲೇ ದೊಡ್ಡವರ ದಿನ ಮುಗಿಯುತ್ತದೆ.

ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತದೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಕಚ್ಚಿಕೊಂಡರೆ ಸರಿಯಿದೆ. ತುಕ್ಕು ಹಿಡಿದದ್ದನ್ನು ಉಜ್ಜಿ ಬಳಸುವುದಕ್ಕಿಂತ ಎಸೆಯುವುದು ಮೇಲು. ಬಿಡಬೇಕಾದ ಮೀನಿಗೆ ಹಾಕುವ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿಬಿಡಿ. ದಾರವನ್ನು ಸಡಿಲ ಬಿಡದೆ ಎಳೆಯುವ ಅಭ್ಯಾಸವಿದ್ದವರು ಇದರಿಂದ ಮೀನನ್ನು ಕಳೆದುಕೊಳ್ಳುವುದು ಅಪರೂಪ. ಮೀನನ್ನು ಮರುಳು ಮಾಡುವ ಹೊಳೆಯುವ ಲೋಹದ ತುಂಡಾದ ಸ್ಪೂನಿನ ಹಿಂದಿರುವ ಮೂರು ಬಾಯಿಯ ಕೊಕ್ಕೆಯನ್ನು ತೆಗೆದು ಒಂದೇ ಬಾಯಿಯದನ್ನು ಹಾಕಿ. ಗಂಟನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಬೇಕು: ದಾರವನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ತನ್ನ ಮೇಲೆಯೇ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಮೊದಲ ಕುಣಿಕೆಯಲ್ಲಿ ದಾಟಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯಲ್ಲೂ ಮತ್ತೊಮ್ಮೆ ದಾಟಿಸಿ, ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ಒಣ ದಾರವನ್ನು ಬಿಗಿದರೆ ಉಜ್ಜಾಟದ ಶಾಖಕ್ಕೆ ಗಂಟಿರುವಲ್ಲೇ ಬಲ ಕುಂದುತ್ತದೆ.

ಒಂದು ವಾರ ಮೊದಲು: ಹೊಳೆಯನ್ನು ಓದುವುದು

ಈ ಹಂತವನ್ನು ಬಿಟ್ಟವರಿಗೆ ಉಳಿದ ಯಾವ ಹಂತವೂ ನೆರವಾಗುವುದಿಲ್ಲ. ಸಾಧ್ಯವಿದ್ದರೆ ಹಿಂದಿನ ಭಾನುವಾರ ರಾಡನ್ನು ಮನೆಯಲ್ಲೇ ಬಿಟ್ಟು, ಒಂದು ಕೋಲನ್ನು ಮಾತ್ರ ಹಿಡಿದು ಹೊಳೆಕರೆಯಲ್ಲಿ ಅರ್ಧ ದಿನ ನಡೆಯಿರಿ.

ಕಾವೇರಿಗೆ ಕೊಡಗಿನಲ್ಲಿ ದೊಡ್ಡ ಅಣೆಕಟ್ಟಿಲ್ಲ; ಕುಡಿಗೆಯ ಬಳಿ ಹಾರಂಗಿ ಸೇರುವವರೆಗೆ ಅದರ ಏರಿಳಿತ ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯನ್ನೇ ಅವಲಂಬಿಸಿದೆ. ಆದ್ದರಿಂದ ಸಿದ್ದಾಪುರದಲ್ಲಿ ಬಿಸಿಲು ಬಿದ್ದಿದೆಯೆಂದು ಸಮಾಧಾನಪಟ್ಟುಕೊಳ್ಳದೆ, ಮೇಲಿನವರನ್ನು ವಿಚಾರಿಸಬೇಕು. ಕೊಡಗಿನ ತೋಟಗಾರರು ಮಳೆಯನ್ನು ಇಂಚು–ಸೆಂಟಿನಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ದಿನವೂ ಬರೆದಿಡುವವರು. ಭಾಗಮಂಡಲದ ಕಡೆ ಪರಿಚಯದವರೊಬ್ಬರಿದ್ದರೆ ಅವರ ಒಂದು ಫೋನ್ ಕರೆ ಯಾವ ಮುನ್ಸೂಚನೆಗಿಂತಲೂ ಮಿಗಿಲು. ಅಲ್ಲಿ ರಾತ್ರಿ ಎರಡು ಇಂಚು ಸುರಿದಿದ್ದರೆ ಮರುದಿನ ಕೆಳಗೆ ನೀರು ಏರಿ ಕದಡುತ್ತದೆ. ಪರಿಚಯದವರಿಲ್ಲದಿದ್ದರೆ ಜಿಲ್ಲೆಯ ದಿನಪತ್ರಿಕೆಗಳು ಪ್ರಕಟಿಸುವ ಹೋಬಳಿವಾರು ಮಳೆಯ ವಿವರವನ್ನು ಆ ಇಡೀ ವಾರ ನೋಡುತ್ತಿರಿ.

ಹಾರಂಗಿಯ ಕೆಳಭಾಗದಲ್ಲಿ ಲೆಕ್ಕ ಬೇರೆ. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಪತ್ರಿಕೆಯಲ್ಲಿ ದಿನವೂ ಬರುವ ಅಂಕಿ ಅದಕ್ಕೆ ಸಮೀಪವಿದ್ದು ಒಳಹರಿವೂ ಇದ್ದರೆ ಯಾವ ಗಳಿಗೆಯಲ್ಲಾದರೂ ಗೇಟು ತೆರೆಯಬಹುದು. ಬಿಸಿಲಿನಲ್ಲಿ, ಮೋಡವಿಲ್ಲದ ಆಕಾಶದ ಅಡಿಯಲ್ಲಿಯೂ ಮೊಣಕಾಲಿನ ನೀರು ಎದೆಮಟ್ಟಕ್ಕೆ ಬರುವುದು ಇಂಥ ಕಡೆ. ಆ ದಿನಗಳಲ್ಲಿ ಅಣೆಕಟ್ಟಿನಿಂದ ಕುಡಿಗೆ, ಕಣಿವೆಯವರೆಗಿನ ನೀರಿನ ಮಧ್ಯದ ಬಂಡೆಗಳ ಮೇಲೆ ಹತ್ತಿ ಕೂರಬಾರದು; ಸೈರನ್ ಕೇಳಿಸಿದರೆ ಸಿಕ್ಕಿದ ಮೀನನ್ನು ಬಿಟ್ಟಾದರೂ ಎತ್ತರದ ದಡಕ್ಕೆ ಬರಬೇಕು.

ನೀರಿನ ಬಣ್ಣವನ್ನು ನೋಡುವ ಸರಳ ವಿಧಾನವಿದೆ. ದಡದಲ್ಲಿ, ಹರಿವಿಲ್ಲದ ಕಡೆ, ಮೊಣಕಾಲಿನ ಆಳದಲ್ಲಿ ನಿಂತು ನಿಮ್ಮ ಪಾದವನ್ನು ನೋಡಿ. ಪಾದ ಕಾಣದಿದ್ದರೆ ನೀರು ಇನ್ನೂ ಕೆಂಪಾಗಿದೆ. ಸ್ಪೂನ್ ಎಸೆದು ಪ್ರಯೋಜನವಿಲ್ಲ, ವಾಸನೆಯ ಎರೆಯನ್ನು ತಳಕ್ಕೆ ಬಿಡಬೇಕು. ಪಾದ ಮಸುಕಾಗಿ ಕಂಡರೆ ಅದಕ್ಕಿಂತ ಒಳ್ಳೆಯ ಸ್ಥಿತಿ ಬೇಕಿಲ್ಲ: ಮೀನಿಗೆ ಎರೆ ಕಾಣುತ್ತದೆ, ದಡದ ಮೇಲಿನ ನೀವು ಕಾಣುವುದಿಲ್ಲ. ಬೆರಳುಗಳನ್ನು ಎಣಿಸುವಷ್ಟು ತಿಳಿಯಾಗಿದ್ದರೆ ತೆಳ್ಳಗಿನ ದಾರವನ್ನು ಹಿಡಿದು, ನೆರಳು ನೀರಿಗೆ ಬೀಳದಂತೆ, ಮುಂಜಾನೆ ಮತ್ತು ಸಂಜೆಯ ಹೊತ್ತನ್ನು ಆರಿಸಿಕೊಳ್ಳಬೇಕಾಗುತ್ತದೆ.

ನೀರು ಇನ್ನೂ ಜೋರಾಗಿರುವ ಋತುವಿನ ಆರಂಭದಲ್ಲಿ ಮೀನು ನಡುಹೊಳೆಯ ಸೆಳೆತದಲ್ಲಿ ಶಕ್ತಿ ವ್ಯಯಿಸದೆ ಅಂಚಿನಲ್ಲಿ ನಿಲ್ಲುತ್ತದೆ. ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಬರುವ ಜಾಗ, ಮಡುವಿನ ಬಾಲದಲ್ಲಿ ಆಳ ಕಡಿಮೆಯಾಗತೊಡಗುವ ಕಡೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ತೋಡುಗಳು ಹೊಳೆಗೆ ಬಂದು ಸೇರುವ ಬಾಯಿ, ಇವುಗಳನ್ನು ನೋಡಿಟ್ಟುಕೊಳ್ಳಿ. ಗದ್ದೆ ಮತ್ತು ತೋಟದಿಂದ ಬರುವ ತೋಡು ಹುಳುಹುಪ್ಪಟೆ, ಸಣ್ಣ ಏಡಿ, ಹಣ್ಣುಗಳನ್ನು ಹೊತ್ತು ತರುತ್ತದೆ. ಕೆಂಪು ಹೊಳೆಗೆ ತಿಳಿ ತೋಡು ಸೇರುವ ಗೆರೆಯ ಮೇಲೆ ಮೀನು ಕಾದಿರುತ್ತದೆ. ಕೋಲಿನಿಂದ ದಡದ ಮಣ್ಣನ್ನು ಒತ್ತಿ ಪರೀಕ್ಷಿಸುತ್ತಾ ಹೋಗಿ, ಏಕೆಂದರೆ ಮೇಲೆ ಹುಲ್ಲು ಹಸಿರಾಗಿದ್ದರೂ ಕೆಳಗೆ ಹೊಳೆ ಕೊರೆದು ಪೊಳ್ಳಾಗಿಸಿರುವ ದಡ ಈ ಕಾಲದಲ್ಲಿ ಬೇಕಾದಷ್ಟಿರುತ್ತದೆ. ಹೊಸದಾಗಿ ಬಿದ್ದು ಮುಳುಗಿರುವ ಮರಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಶನಿವಾರ ನೀರು ಅರ್ಧ ಅಡಿ ಏರಿದರೂ ಅವು ಕಣ್ಣಿಗೆ ಕಾಣುವುದಿಲ್ಲ, ಗಾಳಕ್ಕೆ ಮಾತ್ರ ಸಿಗುತ್ತವೆ.

ತುಂಬಿದ ಹಿನ್ನೀರಿನಲ್ಲಾದರೆ ಬೇಸಿಗೆಯಲ್ಲಿ ದನ ಮೇಯುತ್ತಿದ್ದ ಹುಲ್ಲುಗಾವಲು ಈಗ ಮುಳುಗಿರುತ್ತದೆ. ಮೀನು ಆ ಹುಲ್ಲಿನಲ್ಲೇ ಮೇಯುವುದರಿಂದ ದೂರಕ್ಕೆ ಎಸೆಯುವ ಬದಲು ದಡದ ಹತ್ತಿರವೇ ಹಾಕಬೇಕು.

ಶುಕ್ರವಾರ: ಎರೆ

ಕಾವೇರಿಯುದ್ದಕ್ಕೂ ಬಿಳಿ ಮೀನಿಗೆ ಹಳೆಯ ಎರೆಯೆಂದರೆ ರಾಗಿ ಹಿಟ್ಟಿನ ಉಂಡೆ. ಅದನ್ನು ಮಾಡುವುದರಲ್ಲಿ ಸ್ವಲ್ಪ ಕೈಚಳಕವಿದೆ. ನುಣ್ಣಗೆ ಬೀಸಿದ ರಾಗಿ ಹಿಟ್ಟಿಗೆ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಊಟದ ಮುದ್ದೆಗಿಂತ ಗಟ್ಟಿಯಾಗಿ, ಕೈಗೆ ಅಂಟದಷ್ಟು ಬಿಗಿಯಾಗಿ ನಾದಬೇಕು. ಇದನ್ನು ಕಿತ್ತಳೆಯ ಗಾತ್ರದ ಉಂಡೆಗಳಾಗಿ ಕಟ್ಟಿ ಕುದಿಯುವ ನೀರಿಗೆ ಬಿಟ್ಟು, ಒಳಗೂ ಬೇಯುವಷ್ಟು ಹೊತ್ತು ಕುದಿಸಿ ತೆಗೆಯಬೇಕು. ಬೆಂದ ಉಂಡೆಯ ಹೊರಮೈ ಕಪ್ಪಾಗಿ ಹೊಳೆಯುತ್ತದೆ, ಒಡೆದರೆ ಒಳಗೆ ಹಸಿ ಹಿಟ್ಟಿನ ಬಿಳಿ ಚುಕ್ಕೆ ಕಾಣಬಾರದು. ಬಿಸಿ ಆರುವ ಮುನ್ನ ಕೈಗೆ ಎಣ್ಣೆ ಸವರಿಕೊಂಡು ಮತ್ತೊಮ್ಮೆ ಚೆನ್ನಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹೊಳೆಯಲ್ಲಿ ಇದರಿಂದ ನಿಂಬೆಯ ಗಾತ್ರವನ್ನೋ ನೆಲ್ಲಿಯ ಗಾತ್ರವನ್ನೋ ಕಿತ್ತು ಕೊಕ್ಕೆಯ ಸುತ್ತ ಅಮುಕಿ, ಮೊನೆ ಮಾತ್ರ ಹೊರಗಿಣುಕುವಂತೆ ಬಿಡಬೇಕು. ಬೇಯಿಸುವ ಉದ್ದೇಶವೇ ಗಟ್ಟಿತನ: ಹಸಿ ಹಿಟ್ಟನ್ನು ಪಕ್ಕೆ ಮೀನುಗಳು ಎರಡು ನಿಮಿಷದಲ್ಲಿ ಕುಟುಕಿ ಮುಗಿಸುತ್ತವೆ, ಬೆಂದದ್ದು ಹರಿಯುವ ನೀರಿನಲ್ಲೂ ಬಹಳ ಹೊತ್ತು ನಿಲ್ಲುತ್ತದೆ. ಸೋಂಪು, ಬೆಲ್ಲ, ಏಲಕ್ಕಿ ಸೇರಿಸುವವರಿದ್ದಾರೆ. ಅದರಿಂದ ಮೀನಿಗಿಂತ ಹಾಕಿದವರ ವಿಶ್ವಾಸ ಹೆಚ್ಚುತ್ತದೆಂದು ನನ್ನ ಅನಿಸಿಕೆ.

ನೀರು ಕೆಂಪಾಗಿದ್ದರೆ ರಾಗಿಗಿಂತ ಏಡಿ ಮೇಲು. ಕೆರೆಯ ಗೆಂಡೆಗೆ ರಾಗಿಯನ್ನೇ ಮೆದುವಾಗಿ ಮಾಡಿ ಹಾಕಬಹುದು. ಎರೆಹುಳ ಎಲ್ಲ ಮೀನಿಗೂ ಸಲ್ಲುತ್ತದೆ. ಕಾಫಿ ಗಿಡದ ಬುಡವನ್ನು ಅಗೆಯದೆ ಗೊಬ್ಬರದ ಗುಂಡಿಯ ಅಂಚಿನಲ್ಲಿ ಹುಡುಕಿ, ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಮಣ್ಣಿನೊಂದಿಗೆ ಇಟ್ಟುಕೊಳ್ಳಿ.

ಹೊರಡುವ ಮುನ್ನ ನೆನಪಿಡಬೇಕಾದ ಅಪಾಯಗಳು

ಮೊದಲನೆಯದು ಆನೆ. ಗದ್ದೆಯಲ್ಲಿ ಭತ್ತ ಹಾಲು ತುಂಬುವ ಕಾಲವೂ ಗಾಳದ ಮೊದಲ ವಾರಗಳೂ ಒಂದಾಗಿಯೇ ಬರುತ್ತವೆ. ಸಿದ್ದಾಪುರ, ವಾಲ್ನೂರು, ನೆಲ್ಯಹುದಿಕೇರಿ, ಗುಹ್ಯ ಕಡೆಯ ತೋಟಗಳಲ್ಲಿ ರಾತ್ರಿ ಗದ್ದೆಗಿಳಿದ ಆನೆಗಳು ಬೆಳಿಗ್ಗೆ ಹೊಳೆ ದಾಟುತ್ತವೆ ಅಥವಾ ಕಾಫಿಯ ನಡುವೆಯೇ ಉಳಿದುಬಿಡುತ್ತವೆ. ಆದ್ದರಿಂದ ಕತ್ತಲಲ್ಲೇ ದಡ ಸೇರುವ ಉತ್ಸಾಹ ಬೇಡ. ಮಂಜು ಹರಿದು ಹತ್ತು ಮಾರು ದೂರ ಸ್ಪಷ್ಟವಾಗಿ ಕಾಣುವವರೆಗೆ ರಸ್ತೆಯಲ್ಲೇ ಇರಿ, ಸಂಜೆ ಐದೂವರೆಯೊಳಗೆ ತೋಟದಿಂದ ಹೊರಬನ್ನಿ. ಹೊರಡುವ ಮುನ್ನ ರೈಟರ್‌ನ್ನೋ ಕಾರ್ಮಿಕರನ್ನೋ ಕೇಳಿ. ಅಂದು ಆನೆ ಯಾವ ಬ್ಲಾಕಿನಲ್ಲಿದೆಯೆಂದು ಅವರಿಗೆ ತಿಳಿದಿರುತ್ತದೆ. ಹಸಿ ಲದ್ದಿ, ಆಗತಾನೆ ಮುರಿದ ಬೈನೆ ಮರ, ಒಂದೇ ಕಡೆ ನೋಡುತ್ತಾ ಬೊಗಳುವ ನಾಯಿ, ಇವುಗಳಲ್ಲಿ ಯಾವುದು ಕಂಡರೂ ಬಂದ ದಾರಿಯಲ್ಲೇ ಹಿಂತಿರುಗಿ.

ಎರಡನೆಯದು ಕರೆಂಟ್ ಮತ್ತು ಸಿಡಿಲು. ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸಂಭವಿಸುವ ಸಾವುಗಳ ಸುದ್ದಿಯನ್ನು ಕೊಡಗು ಮತ್ತೆ ಮತ್ತೆ ಓದುತ್ತಿದೆ. ಕಾರ್ಬನ್ ರಾಡಿನಲ್ಲೂ ವಿದ್ಯುತ್ ಹಾಗೆಯೇ ಹರಿಯುತ್ತದೆ. ತೋಟದೊಳಗೆ ನಡೆಯುವಾಗ ರಾಡನ್ನು ಬಿಚ್ಚಿ ತುಂಡು ಮಾಡಿಯೇ ಹಿಡಿದುಕೊಳ್ಳಿ, ದಡಕ್ಕೆ ಬಂದು ತಲೆಯ ಮೇಲೆ ತಂತಿಯಿಲ್ಲವೆಂದು ನೋಡಿಕೊಂಡು ಜೋಡಿಸಿ. ಅಕ್ಟೋಬರಿನ ಹಿಂಗಾರು ಬಹುತೇಕ ಮಧ್ಯಾಹ್ನದ ನಂತರ ಗುಡುಗಿನೊಂದಿಗೆ ಬರುತ್ತದೆ. ಮೊದಲ ಗುಡುಗು ಕೇಳಿದೊಡನೆ ರಾಡನ್ನು ನೆಲಕ್ಕೆ ಮಲಗಿಸಿ ನೀರಿನಿಂದ ದೂರ ಹೋಗಬೇಕು; ಒಂಟಿ ಮರದಡಿ ನಿಲ್ಲಬಾರದು.

ಜಿಗಣೆಗೆ ಉಪ್ಪು ಅಥವಾ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪೊಟ್ಟಣ ಸಾಕು. ಕಾಲಿನಲ್ಲಿ ಗಾಯವಿದ್ದರೆ ಮಾತ್ರ ಗದ್ದೆಯ ನೀರಿಗೂ ನಿಂತ ನೀರಿಗೂ ಇಳಿಯಬೇಡಿ, ಇಲಿ ಜ್ವರ ಹರಡುವುದು ಆ ದಾರಿಯಲ್ಲೇ. ಹೋಗಿ ಬಂದ ಮುಂದಿನ ದಿನಗಳಲ್ಲಿ ಜ್ವರ ಮತ್ತು ಮೀನಖಂಡದ ನೋವು ಕಂಡರೆ ವೈದ್ಯರಿಗೆ ಹೊಳೆಗೆ ಹೋಗಿದ್ದನ್ನು ತಪ್ಪದೆ ಹೇಳಿ. ಹೊಳೆಕರೆಯ ಬಹುಪಾಲು ಜಾಗಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ, ಯಾವ ತೋಟದ ಯಾವ ಕಡವಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂಬುದನ್ನು ಮನೆಯಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟು ಹೊರಡಿ. ಒಬ್ಬರೇ ಹೋಗಬೇಡಿ. ಮದ್ಯದ ಬಾಟಲಿ ಹಿಡಿದು ಬರುವವರ ಜೊತೆಗಂತೂ ಹೋಗಲೇಬೇಡಿ. ಹೊಳೆಯಲ್ಲಿ ಮುಳುಗಿದವರ ಸುದ್ದಿಗಳಲ್ಲಿ ಅದರ ಪಾಲು ಎಲ್ಲರಿಗೂ ತಿಳಿದದ್ದೇ.

ಶನಿವಾರ: ದಡದಲ್ಲಿ

ದಡಕ್ಕೆ ಬಂದೊಡನೆ ನೀರಿನಂಚಿಗೆ ಒಂದು ಕಡ್ಡಿಯನ್ನು ನೆಡಿ. ಪ್ರತಿ ಅರ್ಧ ಗಂಟೆಗೊಮ್ಮೆ ಅದನ್ನು ನೋಡುವುದು ನಿಮ್ಮ ಜೊತೆಗಾರರಲ್ಲಿ ಒಬ್ಬರ ಕೆಲಸವಾಗಲಿ. ನೀರು ಒಂದು ಗೇಣು ಏರಿದರೆ, ಇಲ್ಲವೇ ಎಲೆ ಕಡ್ಡಿಗಳು ಒಮ್ಮೆಲೆ ಹೆಚ್ಚಾಗಿ ತೇಲಿ ಬರತೊಡಗಿದರೆ, ಮೇಲೆಲ್ಲೋ ಮಳೆಯಾಗಿದೆಯೆಂದು ತಿಳಿದು ಎದ್ದುಬಿಡಬೇಕು.

ಮೊದಲ ಎಸೆತವನ್ನು ದೂರಕ್ಕೆ ಎಸೆಯಬೇಡಿ. ನಿಮ್ಮ ಕಾಲಬುಡದ ನೀರಿನಿಂದ ಆರಂಭಿಸಿ ಬೀಸಣಿಗೆಯ ಹರವಿನಂತೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ಹತ್ತಿರದ ಮೀನು ದಾರದ ನೆರಳಿಗೇ ಬೆದರಿ ಓಡುತ್ತದೆ. ಸೀಸದ ಗುಂಡು ತಳವನ್ನು ಮುಟ್ಟಿ ಆಗೊಮ್ಮೆ ಈಗೊಮ್ಮೆ ಉರುಳುವಷ್ಟು ತೂಕವಿರಲಿ. ಒಂದೇ ಕಡೆ ನೆಟ್ಟಂತೆ ನಿಂತರೆ ಕಲ್ಲಿಗೆ ಸಿಗುತ್ತದೆ. ಗುಂಡನ್ನು ಮುಖ್ಯ ದಾರಕ್ಕಿಂತ ತೆಳ್ಳಗಿನ ತುಂಡಿನಲ್ಲಿ ಕಟ್ಟಿದರೆ ಅದು ಸಿಕ್ಕಿಕೊಂಡಾಗ ಗುಂಡು ಮಾತ್ರ ಹೋಗಿ ಕೊಕ್ಕೆ ಉಳಿಯುತ್ತದೆ. ಹರಿದ ತಂಗೂಸಿಯನ್ನು ಪೊದೆಯಲ್ಲಿ ಬಿಟ್ಟು ಬರಬಾರದು, ನೀರುನಾಯಿಗೂ ಹಕ್ಕಿಗೂ ಅದು ಉರುಳು.

ಸಿಕ್ಕಿದ ಮೀನು: ಮನೆಗೆ ಯಾವುದು, ಹೊಳೆಗೆ ಯಾವುದು

ಬಿಳಿ ಮೀನು ಯಾವ ಗಾತ್ರದ್ದಾದರೂ ಹೊಳೆಗೆ ಹಿಂತಿರುಗಬೇಕು. ಕಾವೇರಿಯಲ್ಲಿ ಇದು ಎರಡು ಜಾತಿಯದು ಸಿಗುತ್ತದೆ. ಬೆನ್ನು ಗೂನಾಗಿ ಏರಿದ, ರೆಕ್ಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ ಮೂಲನಿವಾಸಿ ಜಾತಿ ಕಾವೇರಿ ಜಲಾನಯನವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಸಿಕ್ಕಿದ 120 ಪೌಂಡಿನ ದಾಖಲೆಯ ಮೀನು ಇದೇ. ನೀಲಿ ಬೂದು ರೆಕ್ಕೆಯ ಇನ್ನೊಂದು ಜಾತಿಯ ಮರಿಗಳನ್ನು 1970ರ ದಶಕದಿಂದ ಹೊರಗಿನಿಂದ ತಂದು ಬಿಡಲಾಯಿತು. ಅದು ಹೆಚ್ಚುತ್ತಾ ಹೋದಂತೆ ಗೂನು ಬೆನ್ನಿನದು ಅಪರೂಪವಾಯಿತು. 2018ರಲ್ಲಿ ವಿಜ್ಞಾನಿಗಳು ಗೂನು ಬೆನ್ನಿನದನ್ನು ಟಾರ್ ರೆಮಾದೇವಿ ಎಂಬ ಜಾತಿಯೆಂದು ಗುರುತಿಸಿದರು, ಅದೇ ವರ್ಷ ಅದು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ರೆಕ್ಕೆಯ ಬಣ್ಣವನ್ನು ದಡದಲ್ಲಿ ನಿಂತು ಚರ್ಚಿಸುವಷ್ಟು ಹೊತ್ತು ಮೀನು ನೀರಿನಿಂದ ಹೊರಗಿರಬಾರದು. ಎರಡನ್ನೂ ಬಿಡಿ.

ಬಿಡುವ ಕೆಲಸ ಮೀನು ಇನ್ನೂ ನೀರಿನಲ್ಲಿರುವಾಗಲೇ ಮುಗಿಯಬೇಕು. ಕೈಯನ್ನು ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತದೆ, ಅಲ್ಲಿ ನಂಜಾಗುತ್ತದೆ. ಕಿವಿರಿಗೆ ಬೆರಳು ಹಾಕಬಾರದು. ಇಕ್ಕಳದಿಂದ ಕೊಕ್ಕೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ತೆಗೆಯಿರಿ. ಆಳವಾಗಿ ನುಂಗಿದ್ದರೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ. ಚಿತ್ರ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ, ನೀರಿನ ಮೇಲೆಯೇ, ಎರಡೂ ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು ಹತ್ತು ಸೆಕೆಂಡಿಗಿಂತ ಕಡಿಮೆ ಹೊತ್ತು ಎತ್ತಿ ಹಿಡಿಯಿರಿ. ಆಮೇಲೆ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಲಯವಾಗಿ ಆಡತೊಡಗಿ ಬಾಲ ಬಲವಾಗಿ ಒದೆಯುವವರೆಗೆ ಕಾಯಿರಿ. ಹಿಂದೆ ಮುಂದೆ ತಳ್ಳಾಡುವುದು ಬೇಡ.

ಊಟಕ್ಕೆ ಕೆರೆಯ ರೋಹು, ಕಾಟ್ಲಾ, ಗೆಂಡೆ, ಮತ್ತು ಈಗ ಎಲ್ಲ ನೀರಿನಲ್ಲೂ ಹರಡಿರುವ ಜಿಲೇಬಿ ಮೀನು ಇವೆಯಲ್ಲ. ಜಿಲೇಬಿಯನ್ನು ಎಷ್ಟು ಹಿಡಿದರೂ ಹೊಳೆಗೆ ಉಪಕಾರವೇ. ಬೇಕಾದದ್ದನ್ನು ಕೂಡಲೇ ಕೊಂದು, ಹೊಟ್ಟೆ ಬಗೆದು, ಐಸ್ ಪೆಟ್ಟಿಗೆಯಲ್ಲಿಟ್ಟರೆ ಸಂಜೆಯ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ ಸಾರಿಗೂ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿಗೂ ರುಚಿ ಕೆಡದೆ ಉಳಿಯುತ್ತದೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೂರು ಗಂಟೆ ಕಳೆದ ಮೀನಿಗೆ ಯಾವ ಹುಳಿಯೂ ನೆರವಾಗುವುದಿಲ್ಲ. ಮೊಟ್ಟೆ ತುಂಬಿದ ಮೀನು ಈ ಕಾಲದಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಹೊಟ್ಟೆ ಉಬ್ಬಿ ಮೆತ್ತಗಿದ್ದರೆ ಬಿಟ್ಟುಬಿಡಿ. ಚೇಳು ಮೀನನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಅದರ ಪಕ್ಕದ ರೆಕ್ಕೆಯ ಮುಳ್ಳು ಚುಚ್ಚಿದರೆ ಕೈ ಭುಜದವರೆಗೆ ಉರಿಯುತ್ತದೆ. ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈಯನ್ನಿಟ್ಟರೆ ನೋವು ಇಳಿಯುತ್ತದೆ, ಊತ ಏರಿದರೆ ಆಸ್ಪತ್ರೆಗೆ ಹೋಗಬೇಕು.

ಭಾನುವಾರ ಸಂಜೆ

ಮನೆಗೆ ಬಂದು ಸ್ನಾನಕ್ಕೆ ಹೋಗುವ ಮುನ್ನವೇ ರೀಲಿನ ಡ್ರ್ಯಾಗನ್ನು ಸಡಿಲಿಸಿ, ಸಲಕರಣೆಯನ್ನು ಒರೆಸಿ ಒಲೆಯಿಂದ ದೂರದ ಗಾಳಿಯಾಡುವ ಜಾಗದಲ್ಲಿ ಇಡಿ. ಒದ್ದೆ ಕೊಕ್ಕೆಗಳನ್ನು ಡಬ್ಬಿಗೆ ಹಾಕಿದರೆ ಮರುವಾರಕ್ಕೆ ಉಳಿದವೂ ತುಕ್ಕು ಹಿಡಿದಿರುತ್ತವೆ. ಕೆರೆಯಿಂದ ಕೆರೆಗೆ ಹೋಗುವವರು ಬಲೆ ಮತ್ತು ಬೂಟನ್ನು ಪೂರ್ತಿಯಾಗಿ ಒಣಗಿಸಿಯೇ ಮುಂದಿನ ನೀರಿಗೆ ಇಳಿಯಬೇಕು, ಏಕೆಂದರೆ ಮೀನಿನ ರೋಗವೂ ಕಳೆಯೂ ಒದ್ದೆಯಲ್ಲೇ ಪ್ರಯಾಣ ಮಾಡುತ್ತವೆ. ಕೊನೆಯದಾಗಿ, ನೀರಿನ ಬಣ್ಣ, ಭಾಗಮಂಡಲದ ಹಿಂದಿನ ರಾತ್ರಿಯ ಮಳೆ, ಮೀನು ಕಚ್ಚಿದ ಹೊತ್ತು, ಹಾಕಿದ ಎರೆ, ಹೊಸದಾಗಿ ಬಿದ್ದ ಮರವಿರುವ ಕಡವು, ಇಷ್ಟನ್ನು ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಸಾಲಿನಲ್ಲಿ ಬರೆದಿಡಿ. ಪರವಾನಗಿ ಕೊಟ್ಟವರು ಹಿಡಿದ ಮೀನಿನ ವಿವರ ಕೇಳಿದ್ದರೆ, ಅದನ್ನೂ ಅಂದೇ ಭರ್ತಿ ಮಾಡಿ ಕಳುಹಿಸಿ.